ಕಾರ್ ಶೋಗೆ ಮುಂಚೆ ಬಾನೆಟ್ ಒಳಗಿನ ಕೆಲಸ: ಬಿಚ್ಚೋದು, ಹೊಳಪು ಕೊಡೋದು, ಮತ್ತೆ ಕೂರಿಸೋದು

"ಅಣ್ಣಾ, ಬಾನೆಟ್ ಒಳಗ ಎಲ್ಲಾ ಕನ್ನಡಿ ಗತೆ ಹೊಳೀಬೇಕು, ಏನ್ ಹಚ್ಚಲಿ?"

ಬೆಳಗಾವಿ ಸುತ್ತಮುತ್ತ ಎಲ್ಲಾದರೂ ಹಳೆ ಕಾರುಗಳ ಶೋ ಇದೆ ಅಂತ ಸುದ್ದಿ ಬಂದರೆ ಸಾಕು, ನನ್ನ ಫೋನಿಗೆ ಈ ಪ್ರಶ್ನೆ ಬರುತ್ತದೆ. ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ. ಹಾಗಾಗಿ ಒಂದು ಸಲ ಕೂತು ಪೂರ್ತಿ ಬರೆದುಬಿಡುತ್ತೇನೆ.

ಹಚ್ಚೋದು ಕೊನೆಯ ಹತ್ತು ನಿಮಿಷದ ಕೆಲಸ. ಹೊಳಪು ಬರೋದು ಪಾಲಿಶ್ ಪೇಪರಿನಿಂದ, ಅದೂ ನಂಬರ್ ಹಾರಿಸದೆ ಉಜ್ಜಿದರೆ. ಇನ್ನು ಎಂಜಿನ್ ಉಳಿಯೋದು ತೊಳೆಯೋದರಿಂದ. ಉಜ್ಜುವಾಗ ಬಿದ್ದ ಪುಡಿ ಚಿಟಿಕೆಯಷ್ಟು ಒಳಗೆ ಉಳಿದರೂ ಆಯಿಲ್ ಜೊತೆ ಬೇರಿಂಗಿಗೆ ಹೋಗಿ ಕೂರುತ್ತದೆ, ಆಮೇಲೆ ಟ್ರೋಫಿ ಇಟ್ಟುಕೊಂಡು ಎಂಜಿನ್ ಬಿಚ್ಚಿಸಬೇಕಾಗುತ್ತದೆ. ಅದಕ್ಕೇ ಈ ಲೇಖನದಲ್ಲಿ ಹೊಳಪಿನಷ್ಟೇ ತೊಳೆಯುವ ಮಾತೂ ಬರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಎಷ್ಟು ದಿನ ಬೇಕು? ಕೆಲಸಕ್ಕೆ ಹೋಗುವವರು ಸಂಜೆ ಮತ್ತು ಭಾನುವಾರ ಮಾತ್ರ ಕೂರುವುದಾದರೆ 15 ದಿನ ಇಟ್ಟುಕೊಳ್ಳಿ. ಯಾವುದಾದರೂ ಭಾಗವನ್ನು ಕ್ರೋಮ್ ಅಥವಾ ಝಿಂಕ್ ಪ್ಲೇಟಿಂಗಿಗೆ ಕೊಡುವುದಿದ್ದರೆ ತಿಂಗಳು ಮುಂಚೆಯೇ ಕೊಡಿ, ಯಾಕೆಂದರೆ ಪ್ಲೇಟಿಂಗ್‌ನವರಿಗೆ ದೊಡ್ಡ ಆರ್ಡರ್ ಮುಖ್ಯ, ನಿಮ್ಮ ನಾಲ್ಕು ಬ್ರಾಕೆಟ್ ಅಲ್ಲ.

ಬೇಕಾಗುವ ಸಾಮಾನು

ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಕಪ್ಪು ಪಾಲಿಶ್ ಪೇಪರ್: 180, 320, 400, 600, 800, 1000, 1500, 2000. ನಂಬರ್ ಹೆಚ್ಚಾದಷ್ಟೂ ಪೇಪರ್ ನುಣುಪು. ಪ್ರತಿ ನಂಬರಿನದು ಎರಡು ಮೂರು ಹಾಳೆ ತನ್ನಿ, ಒಂದೇ ತಂದು ಅದು ಸವೆದ ಮೇಲೂ ಉಜ್ಜುತ್ತಾ ಕೂರಬೇಡಿ. ಒಂದು ಮ್ಯಾಗ್ನೆಟ್. ಪಾತ್ರೆ ತೊಳೆಯುವ ದ್ರವ ಸೋಪು, ಎರಡು ಬಕೆಟ್, ಹಳೆ ಹಲ್ಲುಜ್ಜುವ ಬ್ರಷ್, ಬಾಟಲಿ ತೊಳೆಯುವ ಬ್ರಷ್. ಬಿಳಿ ಬನಿಯನ್ ಬಟ್ಟೆ, ಇದು ಬಿಳಿಯೇ ಇರಬೇಕು, ಕಾರಣ ಮುಂದೆ ಹೇಳುತ್ತೇನೆ. ಟ್ಯೂಬಿನಲ್ಲಿ ಬರುವ ಮೆಟಲ್ ಪಾಲಿಶ್, ಆಟೋಸಾಲ್ ಥರದ್ದು. ಹೊಸ ಗ್ಯಾಸ್ಕೆಟ್, ಅಂದರೆ ಎರಡು ಭಾಗ ಕೂಡುವಲ್ಲಿ ಸೋರದಂತೆ ನಡುವೆ ಇಡುವ ಪಟ್ಟಿ. ಟಾರ್ಕ್ ರೆಂಚ್, ಅಂದರೆ ಬೋಲ್ಟನ್ನು ಎಷ್ಟು ಬಲದಲ್ಲಿ ಬಿಗಿಯಬೇಕೋ ಅಷ್ಟಕ್ಕೆ ಕಟ್ ಅಂತ ಶಬ್ದ ಮಾಡಿ ತಿಳಿಸುವ ಪಾನಾ. ಇದು ಇಲ್ಲದಿದ್ದರೆ ಗೊತ್ತಿರುವ ಗ್ಯಾರೇಜಿನಿಂದ ಒಂದು ದಿನಕ್ಕೆ ಕೇಳಿ ತನ್ನಿ. ಸಣ್ಣ ಬೋಲ್ಟಿಗೆ ಸಣ್ಣ ಟಾರ್ಕ್ ರೆಂಚೇ ಬೇಕು, ವ್ಹೀಲ್ ನಟ್ಟಿಗೆ ಬಳಸುವ ದೊಡ್ಡದರಲ್ಲಿ ಇಷ್ಟು ಕಡಿಮೆ ಬಲ ಸರಿಯಾಗಿ ಸಿಗುವುದಿಲ್ಲ.

ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್. ಇದನ್ನು ತಮಾಷೆಗೆ ಹೇಳುತ್ತಿಲ್ಲ.

1. ಯಾವುದನ್ನು ಮುಟ್ಟಬಾರದು ಅಂತ ಮೊದಲು ತೀರ್ಮಾನಿಸಿ

ಶೋ ನಡೆಸುವವರಿಗೆ ಫೋನ್ ಮಾಡಿ ಒಂದು ಮಾತು ಕೇಳಿ: ನನ್ನ ಗಾಡಿ ಯಾವ ವಿಭಾಗದಲ್ಲಿ ನಿಲ್ಲುತ್ತದೆ, ಮೂಲ ರೂಪಕ್ಕೆ ಅಂಕವೋ, ಅಲಂಕಾರಕ್ಕೆ ಅಂಕವೋ? ಇದರ ಮೇಲೆ ಎಲ್ಲವೂ ನಿಂತಿದೆ. ಹಳೆ ಅಂಬಾಸಿಡರ್ ತಗೊಳ್ಳಿ. ಅದರ 1489 ಸಿಸಿ ಎಂಜಿನ್ನಿನಲ್ಲಿ ಬ್ಲಾಕ್, ಅದರ ಮೇಲೆ ಕೂರುವ ಹೆಡ್ ಎರಡೂ ಬೀಡು, ಅಂದರೆ ಎರಕದ ಕಬ್ಬಿಣ. ಹೆಡ್ಡಿನ ಮೇಲಿನ ಮುಚ್ಚಳ, ಅಂದರೆ ಟ್ಯಾಪೆಟ್ ಕವರ್, ತಗಡು, ಅದಕ್ಕೆ ಪೇಂಟ್. ಕಂಪನಿಯಿಂದ ಬಂದಾಗಲೇ ಅದು ಹೊಳೆಯುತ್ತಿರಲಿಲ್ಲ. ಮೂಲ ರೂಪದ ವಿಭಾಗದಲ್ಲಿ ಅದನ್ನು ಕ್ರೋಮ್ ಮಾಡಿಸಿಕೊಂಡು ಹೋದರೆ ನೋಡುವವರು ಫೋಟೋ ತೆಗೆಯುತ್ತಾರೆ, ತೀರ್ಪುಗಾರರು ಅಂಕ ತೆಗೆಯುತ್ತಾರೆ. ಅಂಥ ಗಾಡಿಗೆ ಶುಚಿ, ಸರಿಯಾದ ಬಣ್ಣ, ಸರಿಯಾದ ಕ್ಲಿಪ್ಪು, ಇಷ್ಟೇ ಸಾಕು.

ಗಾಡಿಗೆ 50 ವರ್ಷ ದಾಟಿದ್ದರೆ ಇನ್ನೊಂದು ವಿಷಯ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ, ನಂಬರಿನಲ್ಲಿ 'ವಿಎ' ಅಂತ ಬರುತ್ತದೆ. ಮುಂದೆ ಅದನ್ನು ಮಾಡಿಸುವ ಯೋಚನೆ ಇದ್ದರೆ ಭಾಗಗಳನ್ನು ಬದಲಾಯಿಸುವ ಮುಂಚೆ ಎರಡು ಸಲ ಯೋಚಿಸಿ. ಪಾಲಿಶ್ ಮಾಡೋದರಿಂದ ಏನೂ ತೊಂದರೆ ಇಲ್ಲ.

ಈಗ ಮುಟ್ಟಬಾರದವು. ಮೊದಲನೆಯದು ಎಂಜಿನ್ ನಂಬರ್. ಬ್ಲಾಕಿನ ಮೇಲೆ ಅದನ್ನು ಕೊರೆದ ಜಾಗ ಮಾಸಿರುತ್ತದೆ, ಗ್ರೀಸ್ ಹಿಡಿದಿರುತ್ತದೆ, ಸಹಜವಾಗಿ ಅಲ್ಲೂ ಪೇಪರ್ ಆಡಿಸೋಣ ಅನ್ನಿಸುತ್ತದೆ. ಬೇಡ. ಅಕ್ಷರ ಸವೆದು ಆರ್‌ಸಿ ಜೊತೆ ಹೊಂದಿಸಿ ಓದಲು ಬರದಂತಾದರೆ ಆರ್‌ಟಿಒದಲ್ಲಿ ನೀವೇ ವಿವರಣೆ ಕೊಡುತ್ತಾ ನಿಲ್ಲಬೇಕು. ಬ್ರಷ್, ಡೀಸೆಲ್ ಅಷ್ಟೇ ಸಾಕು ಆ ಜಾಗಕ್ಕೆ. ಎರಡನೆಯದು ಗ್ಯಾಸ್ಕೆಟ್ ಕೂರುವ ಮುಖ. ಮೂರನೆಯದು ಪುಲ್ಲಿಯಲ್ಲಿ ಬೆಲ್ಟ್ ಕೂರುವ ಆ ಕೊರೆದ ಸಂದಿ. ಅದು ನುಣುಪಾದರೆ ಬೆಲ್ಟ್ ಜಾರುತ್ತದೆ. ಬ್ರೇಕಿಗೆ ಸಂಬಂಧಿಸಿದ ಯಾವುದನ್ನೂ ಹೊಳಪಿಗಾಗಿ ಬಿಚ್ಚಬೇಡಿ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನು ಬಫ್ ಚಕ್ರಕ್ಕೆ, ಅಂದರೆ ತಿರುಗುತ್ತಾ ಹೊಳಪು ಕೊಡುವ ಬಟ್ಟೆ ಚಕ್ರಕ್ಕೆ, ಹಿಡಿಯಬೇಡಿ, ಲೋಹದ ಪುಡಿ ಒಳಗಿನ ತಂತಿಸುರುಳಿಗೆ ಹೋಗುತ್ತದೆ.

2. ಲೋಹ ಯಾವುದು ಅಂತ ಗುರುತಿಸಿ

ಮ್ಯಾಗ್ನೆಟ್ ಇಡಿ. ಅಂಟಿಕೊಂಡರೆ ಕಬ್ಬಿಣ, ತಗಡು ಅಥವಾ ಬೀಡು. ಅಂಟದಿದ್ದರೆ ಬಹುತೇಕ ಅಲ್ಯೂಮಿನಿಯಂ. ಮಾರುತಿ ಎಸ್ಟೀಮ್ ಥರದ ಗಾಡಿಯಲ್ಲಿ ಬ್ಲಾಕು, ಹೆಡ್ಡು ಎರಡೂ ಅಲ್ಯೂಮಿನಿಯಮ್ಮೇ.

ಆದರೆ ಅಂಟದ್ದೆಲ್ಲ ಅಲ್ಯೂಮಿನಿಯಂ ಅಲ್ಲ, ಇಲ್ಲೇ ಜನ ಎಡವೋದು. ಕಾರ್ಬುರೇಟರ್ ಬಾಡಿ ಸಾಮಾನ್ಯವಾಗಿ ಝಿಂಕ್ ಮಿಶ್ರಲೋಹ, ಮೆತ್ತಗೆ, ತೂಕ ಜಾಸ್ತಿ. ಅದನ್ನು ಬಫ್ ಮಾಡಿದರೆ ಅಂಚುಗಳು ಸವೆದು ಆಕಾರ ಕೆಡುತ್ತದೆ, ಪುಡಿ ಪೆಟ್ರೋಲ್ ಹಾಯುವ ಸಣ್ಣ ತೂತಿಗೆ, ಅಂದರೆ ಜೆಟ್ಟಿಗೆ, ಸೇರುತ್ತದೆ. ಕಾರ್ಬ್ ಕ್ಲೀನರ್ ಸ್ಪ್ರೇ, ಬ್ರಷ್, ಅಷ್ಟಕ್ಕೇ ಬಿಡಿ. ಅಲ್ಯೂಮಿನಿಯಮ್ಮಿಗಿಂತಲೂ ಹಗುರ ಅನ್ನಿಸುವ ಭಾಗ ಸಿಕ್ಕರೆ ಅದು ಮೆಗ್ನೀಸಿಯಂ ಇರಬಹುದು. ಅದರ ಪುಡಿಗೆ ಕಿಡಿ ತಾಗಿದರೆ ಬೆಂಕಿ ಹತ್ತುತ್ತದೆ, ಆ ಬೆಂಕಿಗೆ ನೀರು ಹಾಕಿದರೆ ಇನ್ನೂ ಜೋರಾಗುತ್ತದೆ. ಮನೆಯಲ್ಲಿ ಅದರ ತಂಟೆಗೆ ಹೋಗಬೇಡಿ.

ಬೀಡಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಅಂದರೆ ಎಂಜಿನ್ನಿನಿಂದ ಹೊಗೆ ಹೊರಗೆ ಒಯ್ಯುವ ಕೊಳವೆ, ಉಜ್ಜಿ ಹೊಳೆಸಬಹುದೇ ಅಂತ ಬಹಳ ಜನ ಕೇಳುತ್ತಾರೆ. ಹೊಳೆಯುತ್ತದೆ, ನಮ್ಮ ಬೆಳಗಾವಿ ಹವೆಯಲ್ಲಿ ಎರಡೇ ದಿನಕ್ಕೆ ತುಕ್ಕೂ ಹಿಡಿಯುತ್ತದೆ. ತುಕ್ಕು ಕೆರೆದು, ಹೆಚ್ಚು ಶಾಖ ತಡೆಯುವ ಎಕ್ಸಾಸ್ಟ್ ಪೇಂಟ್ ಹೊಡೆಯಿರಿ, ಚೆನ್ನಾಗಿರುತ್ತದೆ. ಕ್ರೋಮ್ ಆದ ಭಾಗಕ್ಕೆ ಪಾಲಿಶ್ ಪೇಪರ್ ಮುಟ್ಟಿಸಲೇಬಾರದು. ಮೇಲೆ ತುಕ್ಕಿನ ಚುಕ್ಕೆ ಇದ್ದರೆ ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ ನೀರಿನಲ್ಲಿ ಅದ್ದಿ ಹಗುರಕ್ಕೆ ಉಜ್ಜಿ. ಫಾಯಿಲ್ ಕ್ರೋಮಿಗಿಂತ ಮೆತ್ತಗೆ, ಗೀರು ಬೀಳೋದಿಲ್ಲ.

ಹಿತ್ತಾಳೆ ಇದ್ದರೆ ನಮ್ಮ ಮನೆಗಳಲ್ಲಿ ತಂಬಿಗೆ ತಿಕ್ಕುವ ಹುಣಸೆಹಣ್ಣೇ ಕೆಲಸ ಮಾಡುತ್ತದೆ. ಹುಳಿ ಉಳಿಯದಂತೆ ತೊಳೆಯಿರಿ, ಇಲ್ಲದಿದ್ದರೆ ವಾರದಲ್ಲಿ ಹಸಿರು ಕಟ್ಟುತ್ತದೆ.

3. ಬಿಚ್ಚೋದು

ಎಂಜಿನ್ ಪೂರ್ತಿ ತಣ್ಣಗಾಗಿರಲಿ. ಬ್ಯಾಟರಿಯ ನೆಗೆಟಿವ್ ವಾಯರ್ ಮೊದಲು ತೆಗೆಯಿರಿ, ಹಾಕುವಾಗ ಅದನ್ನೇ ಕೊನೆಗೆ ಹಾಕಿ. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಹತ್ತಿಪ್ಪತ್ತು ಫೋಟೋ ತೆಗೆಯಿರಿ. ಪೈಪ್ ಯಾವುದರ ಮೇಲಿಂದ ಹೋಗಿದೆ, ಕ್ಲಿಪ್ ಯಾವ ಕಡೆ ಮುಖ ಮಾಡಿದೆ, ಎಲ್ಲ ಕಾಣಬೇಕು. ಆಗ "ನೆನಪಿರ್ತದ ಬಿಡು" ಅನ್ನಿಸುತ್ತದೆ. ಹತ್ತು ದಿನದ ನಂತರ ಏನೂ ನೆನಪಿರೋದಿಲ್ಲ.

ಪ್ಲಗ್ ವಾಯರುಗಳಿಗೆ ಟೇಪ್ ಅಂಟಿಸಿ ನಂಬರ್ ಹಾಕಿ. ಅಂಬಾಸಿಡರ್, ಪದ್ಮಿನಿ ಎಂಜಿನ್ನುಗಳಲ್ಲಿ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಉರಿಯುವ ಸರದಿ, 1-3-4-2. ಮಾರುತಿ 800ರ ಮೂರು ಸಿಲಿಂಡರಿನಲ್ಲಿ 1-3-2. ವಾಯರ್ ಅದಲುಬದಲಾದರೆ ಗಾಡಿ ಸ್ಟಾರ್ಟೇ ಆಗುವುದಿಲ್ಲ, ಅಥವಾ ಕೆಮ್ಮುತ್ತಾ ನಿಲ್ಲುತ್ತದೆ.

ಬೋಲ್ಟುಗಳಿಗೆ ನನ್ನ ಉಪಾಯ: ಒಂದು ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಬೋಲ್ಟ್ ಎಲ್ಲಿಂದ ಬಂತೋ ಅಲ್ಲೇ ಚುಚ್ಚಿಡಿ. ಉದ್ದ ಗಿಡ್ಡ ಬೋಲ್ಟು ಬೆರೆತರೆ, ಗಿಡ್ಡದರ ಜಾಗಕ್ಕೆ ಉದ್ದದ್ದು ಹೋಗಿ ತಳಕ್ಕೆ ತಾಗುತ್ತದೆ, ನೀವು ಬಿಗಿಯಾಯಿತು ಅಂದುಕೊಳ್ಳುತ್ತೀರಿ, ಕವರ್ ಸಡಿಲವೇ ಇರುತ್ತದೆ. ಉಳಿದ ವಾಷರ್, ಕ್ಲಿಪ್ಪುಗಳಿಗೆ ಕುಂದಾ ತಂದ ಪ್ಲಾಸ್ಟಿಕ್ ಡಬ್ಬಿ ಇದ್ದೇ ಇರುತ್ತದಲ್ವಾ.

ಬಿಚ್ಚಿದ ತಕ್ಷಣ ತೆರೆದ ಬಾಯಿಗಳನ್ನೆಲ್ಲ ಮುಚ್ಚಿ. ಟ್ಯಾಪೆಟ್ ಕವರ್ ತೆಗೆದ ಜಾಗ, ಎಂಜಿನ್ನಿಗೆ ಗಾಳಿ ಹೋಗುವ ಇನ್‌ಟೇಕಿನ ಬಾಯಿ, ಎಲ್ಲಕ್ಕೂ ಶುದ್ಧ ಬಟ್ಟೆ, ಮೇಲೆ ಪ್ಲಾಸ್ಟಿಕ್, ಸುತ್ತ ಟೇಪ್. ಬಟ್ಟೆ ದೊಡ್ಡದಿರಲಿ, ಒಳಗೆ ಜಾರಿ ಹೋಗುವಂಥ ಸಣ್ಣ ಚಿಂದಿ ಬೇಡ. ಉಜ್ಜುವ ಕೆಲಸವನ್ನು ಕಾರಿನ ಹತ್ತಿರ ಮಾಡಲೇಬೇಡಿ, ಅಂಗಳದ ಇನ್ನೊಂದು ಮೂಲೆಗೆ ಹೋಗಿ.

4. ಮೊದಲ ತೊಳೆತ

ಜಿಡ್ಡಿನ ಮೇಲೆ ಪಾಲಿಶ್ ಪೇಪರ್ ಹಿಡಿದರೆ ಪೇಪರ್ ಎರಡು ನಿಮಿಷದಲ್ಲಿ ಸಾಯುತ್ತದೆ. ಮೊದಲು ಡೀಸೆಲ್ ಮತ್ತು ಬ್ರಷ್, ಆಮೇಲೆ ಬಿಸಿನೀರು ಮತ್ತು ಪಾತ್ರೆ ಸೋಪು. ಪೆಟ್ರೋಲ್ ಬೇಡ, ಮುಚ್ಚಿದ ಶೆಡ್ಡಿನಲ್ಲಿ ಅದರ ಆವಿಗೆ ಒಂದು ಕಿಡಿ ಸಾಕು.

ಇಲ್ಲಿ ನಾನೇ ತಿಂದ ಪೆಟ್ಟು ಒಂದಿದೆ. ಹಿಂದೊಮ್ಮೆ ನನ್ನ 800ರ ಥರ್ಮೋಸ್ಟಾಟ್ ಕವರನ್ನು ಒಂದು ಗ್ಯಾರೇಜಿನಲ್ಲಿ ಬೀಡಿನ ಭಾಗ ತೊಳೆಯುವ ಕಾಸ್ಟಿಕ್ ಸೋಡಾ ತೊಟ್ಟಿಗೆ ಹಾಕಿಬಿಟ್ಟರು. ನಾನೂ ಪಕ್ಕದಲ್ಲೇ ಚಹಾ ಕುಡಿಯುತ್ತಾ ನಿಂತಿದ್ದೆ. ನೊರೆ ಬಂತು, ಅರ್ಧ ಗಂಟೆಗೆ ತೆಗೆದಾಗ ಭಾಗ ಕಪ್ಪಗೆ, ಮೈಯೆಲ್ಲ ಸಿಡುಬು. ಕಾಸ್ಟಿಕ್ ಬೀಡಿಗೆ ಏನೂ ಮಾಡೋದಿಲ್ಲ, ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ, ತಿನ್ನುವಾಗ ಹೊರಬರುವ ಅನಿಲ ಹೈಡ್ರೋಜನ್, ಅದಕ್ಕೂ ಬೆಂಕಿ ಹತ್ತುತ್ತದೆ. ಹಾಗಾಗಿ ಭಾಗವನ್ನು ಯಾರ ಕೈಗೆ ಕೊಟ್ಟರೂ "ಇದು ಅಲ್ಯೂಮಿನಿಯಂ, ಕಾಸ್ಟಿಕ್ ಬ್ಯಾಡ್ರಿ" ಅಂತ ಬಾಯಿಬಿಟ್ಟು ಹೇಳಿ.

ಗಾಜಿನ ಮಣಿ ಊದಿ ಸ್ವಚ್ಛ ಮಾಡುವ ಬ್ಲಾಸ್ಟಿಂಗ್ ಕೂಡ ನಮ್ಮ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗ್ ಕಡೆ ಕೇಳಿದರೆ ಸಿಗುತ್ತದೆ. ಬ್ರಾಕೆಟ್ಟಿಗೆ ಒಳ್ಳೆಯದೇ. ಟ್ಯಾಪೆಟ್ ಕವರಿಗೆ ಮಾತ್ರ ಹುಷಾರು. ಬಹಳ ಕವರುಗಳ ಒಳಗೆ ಆಯಿಲ್ ತಡೆಯುವ ತಗಡಿನ ಬ್ಯಾಫಲ್ ರಿವಿಟ್ ಹೊಡೆದು ಕೂರಿಸಿರುತ್ತಾರೆ. ಅದರ ಹಿಂದೆ ಸೇರಿದ ಮಣಿ ಎಷ್ಟು ತೊಳೆದರೂ ಪೂರ್ತಿ ಬರೋದಿಲ್ಲ, ಎಂಜಿನ್ ಬಿಸಿಯಾದ ಮೇಲೆ ಒಂದೊಂದಾಗಿ ಉದುರುತ್ತದೆ. ಬ್ಯಾಫಲ್ ತೆಗೆಯಲು ಬಂದರೆ ತೆಗೆದು ಮಾಡಿಸಿ, ಬರದಿದ್ದರೆ ಕೈಯಲ್ಲೇ ಉಜ್ಜಿ.

5. ಪಾಲಿಶ್ ಪೇಪರ್

ಇದೇ ನಿಜವಾದ ಕೆಲಸ. ಭುಜ ನೋಯುತ್ತದೆ.

ಕವರಿನ ಒಳಭಾಗ ಮತ್ತು ಗ್ಯಾಸ್ಕೆಟ್ ಮುಖಕ್ಕೆ ಮಾಸ್ಕಿಂಗ್ ಟೇಪನ್ನು ಎರಡು ಪದರ ಹಾಕಿ. ಬಕೆಟ್ಟಿನಲ್ಲಿ ನೀರು, ಎರಡು ಹನಿ ಸೋಪು, ಪೇಪರ್ ಹತ್ತು ನಿಮಿಷ ನೆನೆಯಲಿ. ಹಳೆ ಎರಕದ ಮೇಲ್ಮೈ ಒರಟಾಗಿದ್ದರೆ 180ರಿಂದ ಶುರು ಮಾಡಿ, ಪರವಾಗಿಲ್ಲ ಅನ್ನುವಂತಿದ್ದರೆ 320ರಿಂದ. ಮೇಲೆ ಪಾರದರ್ಶಕ ಲ್ಯಾಕರ್ ಇದ್ದರೆ ಮೊದಲು ಪೇಂಟ್ ರಿಮೂವರ್ ಹಚ್ಚಿ ತೆಗೆಯಿರಿ. ಅದು ಅಲ್ಯೂಮಿನಿಯಮ್ಮಿಗೆ ಆಗುತ್ತದೆ ಅಂತ ಡಬ್ಬಿಯ ಮೇಲೆ ಬರೆದಿದೆಯಾ ನೋಡಿಕೊಳ್ಳಿ.

ಒಂದು ನಂಬರಿನಲ್ಲಿ ಅಡ್ಡ ಉಜ್ಜಿದರೆ ಮುಂದಿನದರಲ್ಲಿ ಉದ್ದ ಉಜ್ಜಿ. ಯಾಕೆ ಅಂದರೆ, ಹಿಂದಿನ ನಂಬರಿನ ಗೀರು ಉಳಿದಿದ್ದರೆ ಅಡ್ಡಡ್ಡಲಾಗಿ ಕಣ್ಣಿಗೆ ಹೊಡೆಯುತ್ತದೆ. ಅದು ಪೂರ್ತಿ ಹೋಗುವ ತನಕ ಮುಂದಿನ ಪೇಪರ್ ಕೈಗೆತ್ತಿಕೊಳ್ಳಬೇಡಿ. ಪ್ರತಿ ನಂಬರ್ ಮುಗಿದ ಮೇಲೆ ನೀರು ಬದಲಿಸಿ, ಭಾಗವನ್ನೂ ಕೈಯನ್ನೂ ತೊಳೆಯಿರಿ. 180ರ ಒಂದೇ ಒಂದು ಕಣ 1000ದ ಪೇಪರಿನ ಕೆಳಗೆ ಸಿಕ್ಕರೆ ಮತ್ತೆ ಹಿಂದಕ್ಕೆ ಹೋಗಬೇಕಾಗುತ್ತದೆ.

ನೂರಕ್ಕೆ ತೊಂಬತ್ತು ಜನ ಮಾಡುವ ತಪ್ಪು ಅಂದರೆ 320 ಆದ ಕೂಡಲೇ ಸೀದಾ 1000ಕ್ಕೆ ಹಾರೋದು. ಒದ್ದೆ ಇದ್ದಾಗ ಹೊಳೆದ ಹಾಗೆ ಕಾಣುತ್ತದೆ, ಒಣಗಿದ ಮೇಲೆ ಬಿಸಿಲಿಗೆ ಹಿಡಿದರೆ ಮೈಯೆಲ್ಲ ಗೆರೆ. ಆ ಗೆರೆ ಬಫ್ ಮಾಡಿದರೆ ಹೋಗುವುದಿಲ್ಲ, ಇನ್ನೂ ಎದ್ದು ಕಾಣುತ್ತದೆ. ಹಾಗಾಗಿ ಪ್ರತಿ ಸಲ ಒರೆಸಿ, ಒಣಗಿಸಿ, ಬಾಗಿಲ ಬಳಿ ಓರೆ ಬೆಳಕಿಗೆ ಹಿಡಿದು ನೋಡಿ. ಟ್ಯೂಬ್‌ಲೈಟ್ ಕೆಳಗೆ ನೋಡಿದ್ದು ಲೆಕ್ಕಕ್ಕಿಲ್ಲ.

ಸಪಾಟಾದ ಜಾಗಕ್ಕೆ ಪೇಪರನ್ನು ರಬ್ಬರ್ ಅಥವಾ ಕಟ್ಟಿಗೆಯ ತುಂಡಿಗೆ ಸುತ್ತಿ, ಬರೀ ಬೆರಳಿನಿಂದ ಒತ್ತಿದರೆ ಬೆರಳಿನ ತಗ್ಗು ಬೀಳುತ್ತದೆ. ಉಬ್ಬಿದ ಅಕ್ಷರ ಇದ್ದರೆ, ಅಂದರೆ ಕಂಪನಿ ಹೆಸರು ಎರಕದಲ್ಲೇ ಬಂದಿದ್ದರೆ, ಅದರ ಅಂಚು ಸವೆಯದ ಹಾಗೆ ಸುತ್ತಲೂ ಮಡಚಿದ ಪೇಪರಿನ ಮೂಲೆಯಲ್ಲಿ ಕೆಲಸ ಮಾಡಿ. ಇದಕ್ಕೇ ಒಂದು ಸಂಜೆ ಹೋಗುತ್ತದೆ, ಹೋಗಲಿ.

ಉಜ್ಜುತ್ತಾ ಹೋದಂತೆ ಸೂಜಿಮೊನೆಯಷ್ಟು ತೂತುಗಳು ಕಾಣಿಸಬಹುದು. ಎರಕ ಹೊಯ್ಯುವಾಗ ಒಳಗೆ ಸಿಕ್ಕ ಗಾಳಿಗುಳ್ಳೆ ಅದು, ಬ್ಲೋ ಹೋಲ್. ಫೌಂಡ್ರಿಗಳ ಊರಿನವರಿಗೆ ಈ ಪದ ನಾನು ಹೇಳಿಕೊಡಬೇಕಾಗಿಲ್ಲ. ಅದನ್ನು ತೆಗೆಯುತ್ತೇನೆ ಅಂತ ಇನ್ನೂ ಆಳಕ್ಕೆ ಹೋದರೆ ಕೆಳಗೆ ಇನ್ನೊಂದು ಕಾದಿರುತ್ತದೆ, ಕವರ್ ತೆಳುವಾಗುತ್ತದೆ ಅಷ್ಟೇ. ಬಿಟ್ಟುಬಿಡಿ. ಹಳೆ ಎರಕಕ್ಕೆ ನಾಲ್ಕು ಚುಕ್ಕೆ ಇದ್ದರೆ ಯಾರೂ ಏನೂ ಅನ್ನೋದಿಲ್ಲ.

ಯಾವುದೇ ಭಾಗದ ಒಳಮೈಯನ್ನು, ಅಂದರೆ ಆಯಿಲ್ ತಾಗುವ ಕಡೆಯನ್ನು, ಹಸಿರು ಸ್ಕಾಚ್‌ಬ್ರೈಟ್ ಥರದ ಪ್ಯಾಡಿನಿಂದ ತಿಕ್ಕಬೇಡಿ. ಅದರಿಂದ ಉದುರುವ ಗಟ್ಟಿ ಕಣಗಳು ಬೇರಿಂಗಿಗೆ ವಿಷ.

2000 ಮುಗಿದಾಗ ಭಾಗ ಮಂಜು ಹಿಡಿದ ಕನ್ನಡಿ ಹಾಗೆ ಕಾಣಬೇಕು. ಶೋ ಅಲಂಕಾರದ್ದಲ್ಲ ಅಂದರೆ ಇಲ್ಲಿಗೇ ನಿಲ್ಲಿಸಿ ಅನ್ನೋದು ನನ್ನ ಅಭಿಪ್ರಾಯ. ಈ ಮಂದ ಹೊಳಪಿಗೆ ಒಂದು ಗಾಂಭೀರ್ಯ ಇದೆ, ಬೆರಳಿನ ಗುರುತೂ ಅಷ್ಟಾಗಿ ಕಾಣೋದಿಲ್ಲ.

6. ಬಫ್ ಮಾಡೋದು

ಎರಡು ದಾರಿ ಇವೆ. ಕೈಯಲ್ಲೇ ಮೆಟಲ್ ಪಾಲಿಶ್ ಹಚ್ಚಿ ಬನಿಯನ್ ಬಟ್ಟೆಯಿಂದ ತಿಕ್ಕೋದು, ಅಥವಾ ಬೆಂಚ್ ಗ್ರೈಂಡರಿಗೆ ಬಟ್ಟೆ ಚಕ್ರ ಹಾಕಿ ಬಫ್ ಮಾಡೋದು. ಮೊದಲ ಸಲ ಮಾಡುವವರು ಕೈಯಲ್ಲೇ ಮಾಡಿ. ಅಥವಾ ಪೇಪರ್ ಕೆಲಸ ನೀವೇ ಮುಗಿಸಿ, ಬಫಿಂಗಿಗೆ ಮಾತ್ರ ಉದ್ಯಮಬಾಗಿನಲ್ಲಿ ಜಾಬ್ ವರ್ಕ್ ಮಾಡುವವರ ಬಳಿ ಒಯ್ಯಿರಿ. ಎಲ್ಲವನ್ನೂ ಅವರಿಗೇ ಕೊಟ್ಟರೆ ಒರಟು ಚಕ್ರದಲ್ಲಿ ಬೇಗ ಬೇಗ ತೆಗೆದು ಅಂಚು, ಅಕ್ಷರ ಎಲ್ಲ ದುಂಡಗೆ ಮಾಡಿಬಿಡುವ ಸಾಧ್ಯತೆ ಇದೆ.

ನೀವೇ ಮಾಡುವುದಾದರೆ ಕೇಳಿ. ಹೊಲಿಗೆ ಹಾಕಿದ ಗಟ್ಟಿ ಕಾಟನ್ ಚಕ್ರ ಮೊದಲು, ಹೊಲಿಗೆ ಇಲ್ಲದ ಸಡಿಲ ಚಕ್ರ ಕೊನೆಗೆ. ಚಕ್ರಕ್ಕೆ ಹಚ್ಚುವ ಪಾಲಿಶ್ ಮಸಾಲೆ, ಸೋಪಿನ ಬಾರ್ ಥರ ಗಟ್ಟಿಯಾಗಿ ಬರುತ್ತದೆ. ಅಲ್ಯೂಮಿನಿಯಮ್ಮಿಗೆ ಮೊದಲು ಕಂದು, ಕೊನೆಯ ಹೊಳಪಿಗೆ ಬಿಳಿ. ಹಸಿರು ಮುಖ್ಯವಾಗಿ ಸ್ಟೇನ್‌ಲೆಸ್ ಸ್ಟೀಲಿಗೆ. ಒಂದು ಚಕ್ರಕ್ಕೆ ಒಂದೇ ಮಸಾಲೆ, ಬೆರೆಸಬೇಡಿ.

ಚಕ್ರ ಮೇಲಿಂದ ಕೆಳಗೆ ನಿಮ್ಮ ಕಡೆ ತಿರುಗುತ್ತದೆ. ಭಾಗವನ್ನು ಚಕ್ರದ ನಡುವಿಗಿಂತ ಸ್ವಲ್ಪ ಕೆಳಗೆ ಹಿಡಿಯಿರಿ. ಭಾಗದ ಮೇಲಿನ ಅಂಚು ಚಕ್ರಕ್ಕೆ ಎದುರು ಬಂದರೆ ಚಕ್ರ ಅದನ್ನು ಕಚ್ಚಿ ಕೈಯಿಂದ ಕಿತ್ತು ನೆಲಕ್ಕೆ ಬಡಿಯುತ್ತದೆ, ಎರಡು ವಾರದ ಕೆಲಸ ಒಂದು ಕ್ಷಣದಲ್ಲಿ ಡೊಂಕು. ಸಡಿಲ ತೋಳಿನ ಅಂಗಿ, ಕೊರಳಿನ ಟವೆಲ್, ಕೈಯ ದಾರ ಎಲ್ಲ ತೆಗೆದಿಡಿ. ಬಟ್ಟೆಯ ಕೈಗವಸೂ ಬೇಡ, ಚಕ್ರ ಅದನ್ನೂ ಎಳೆಯುತ್ತದೆ. ಜೋರಾಗಿ ಒತ್ತಿದರೆ ಲೋಹ ಸುಟ್ಟು ಮಸಾಲೆ ಕಪ್ಪಗೆ ಅಂಟುತ್ತದೆ, ಹಗುರಕ್ಕೆ ಹಿಡಿಯಿರಿ. ಅಂಟಿದರೆ ಸ್ವಲ್ಪ ಮೈದಾ ಹಿಟ್ಟು ಉದುರಿಸಿ ಶುದ್ಧ ಬಟ್ಟೆಯಿಂದ ಒರೆಸಿ, ಜಿಡ್ಡನ್ನು ಹೀರಿಕೊಳ್ಳುತ್ತದೆ.

ಅಲ್ಯೂಮಿನಿಯಂ ಪುಡಿ ಬಿದ್ದ ಜಾಗದಲ್ಲಿ, ಅದೇ ಗ್ರೈಂಡರಿನಲ್ಲಿ, ಕಬ್ಬಿಣ ಉಜ್ಜಬೇಡಿ. ಅಲ್ಯೂಮಿನಿಯಂ ಪುಡಿ, ತುಕ್ಕಿನ ಪುಡಿ, ಕಿಡಿ ಮೂರೂ ಸೇರಿದರೆ ರೈಲು ಹಳಿ ಬೆಸೆಯಲು ಬಳಸುವ ಅದೇ ಉರಿ.

7. ಎರಡನೇ ತೊಳೆತ

ಹೊಳೆಯೋ ಭಾಗ ಕೈಯಲ್ಲಿದೆ, ಬೇಗ ಕೂರಿಸಿ ನೋಡುವ ಆಸೆ. ತಡೆಯಿರಿ.

ಟೇಪ್ ಕಿತ್ತು, ಬಿಸಿನೀರು ಮತ್ತು ಸೋಪಿನಲ್ಲಿ ಒಳಗೂ ಹೊರಗೂ ತೊಳೆಯಿರಿ. ತೂತು, ಬೋಲ್ಟಿನ ಮರೆ, ಬ್ಯಾಫಲ್ಲಿನ ಸಂದಿ, ಎಲ್ಲೆಡೆ ಬಾಟಲಿ ಬ್ರಷ್ ಆಡಿಸಿ. ನೀರು ಸುರಿದು ಮತ್ತೆ ತೊಳೆಯಿರಿ. ಪಂಕ್ಚರ್ ಅಂಗಡಿಗೆ ಒಯ್ದು ಗಾಳಿ ಹೊಡೆಸಿ, ಆಗಲೂ ಕಣ್ಣಿಗೆ ಕನ್ನಡಕ ಇರಲಿ. ಆಮೇಲೆ ಬಿಳಿ ಬನಿಯನ್ ಬಟ್ಟೆಯನ್ನು ಬೆರಳಿಗೆ ಸುತ್ತಿ ಒಳಮೈ ಒರೆಸಿ ನೋಡಿ. ಬೂದು ಬಣ್ಣ ಬಂತಾ? ಮತ್ತೆ ತೊಳೆಯಿರಿ. ನಾನು ಸಾಮಾನ್ಯವಾಗಿ ಮೂರು ಸಲ ತೊಳೆಯುತ್ತೇನೆ, ಬ್ಯಾಫಲ್ ಇರುವ ಕವರಿಗೆ ಐದು ಸಲವೂ ಆದದ್ದಿದೆ. ಬಟ್ಟೆ ಬಿಳಿಯಾಗಿಯೇ ಬರುವ ತನಕ ಕೂರಿಸೋ ಮಾತಿಲ್ಲ.

ಒಣಗಿದ ಮೇಲೆ ಹೊರಮೈಗೆ ತೆಳ್ಳಗೆ ಕಾರ್ ವ್ಯಾಕ್ಸ್ ಹಚ್ಚಿ. ಬರೀ ಅಲ್ಯೂಮಿನಿಯಂ ಗಾಳಿ, ತೇವಕ್ಕೆ ಮಂಕಾಗುತ್ತದೆ, ಅದೂ ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಜಿಟಿಜಿಟಿ ಮಳೆಯಲ್ಲಿ ಕೇಳಲೇಬೇಡಿ. ಲ್ಯಾಕರ್ ಸ್ಪ್ರೇ ಹೊಡೆದರೆ ಕೆಲಸ ಉಳಿಯುತ್ತೆ ಅಂತ ಕೆಲವರು ಹೇಳುತ್ತಾರೆ. ಬಿಸಿಯಾಗುವ ಭಾಗದ ಮೇಲೆ ಅದು ಹಳದಿಯಾಗುತ್ತದೆ, ಸಿಪ್ಪೆ ಏಳುತ್ತದೆ. ನಾನು ಬೇಡ ಅನ್ನುತ್ತೇನೆ.

8. ಕೂರಿಸೋದು

ಎಂಜಿನ್ ಕಡೆಯ ಗ್ಯಾಸ್ಕೆಟ್ ಮುಖದಲ್ಲಿ ಹಳೆ ಗ್ಯಾಸ್ಕೆಟ್ ಅಂಟಿರುತ್ತದೆ. ಅದನ್ನು ಹಳೆ ಎಟಿಎಂ ಕಾರ್ಡ್ ಅಥವಾ ಪ್ಲಾಸ್ಟಿಕ್ ಕೆರೆಯುವ ಪಟ್ಟಿಯಿಂದ ತೆಗೆಯಿರಿ. ಸ್ಕ್ರೂಡ್ರೈವರ್ ಹಾಕಿ ಕೆರೆದರೆ ಅಲ್ಯೂಮಿನಿಯಂ ಹೆಡ್ಡಿನ ಮೇಲೆ ಗೀರು, ಅದೇ ಗೀರಿನಿಂದ ಆಯಿಲ್ ಸೋರಿಕೆ. ಕೆರೆದ ಚೂರು ಒಳಗೆ ಬೀಳದ ಹಾಗೆ ಬಟ್ಟೆ ಇನ್ನೂ ಇರಲಿ. ಕೊನೆಗೆ ಬಟ್ಟೆ ತೆಗೆಯೋದು ಮರೆಯಬೇಡಿ, ನಗಬೇಡಿ, ಮರೆತವರಿದ್ದಾರೆ.

ಹಳೆ ಗ್ಯಾಸ್ಕೆಟ್ ಮತ್ತೆ ಹಾಕಬೇಡಿ. ಸಿಲಿಕಾನ್ ಪೇಸ್ಟ್ ಎಲ್ಲ ಕಡೆ ಬಳಿಯೋದು ನಮ್ಮ ಕಡೆಯ ದೊಡ್ಡ ಚಟ. ಮ್ಯಾನುವಲ್ ಹೇಳಿದ ಮೂಲೆಗಳಿಗೆ ಮಾತ್ರ, ಸಣ್ಣ ಗೆರೆಯಷ್ಟು. ಜಾಸ್ತಿ ಹಾಕಿದರೆ ಹೊರಗೆ ಬಂದಷ್ಟೇ ಒಳಗೂ ಹಿಂಡಿಕೊಂಡು ಬರುತ್ತದೆ, ಆ ಚೂರು ಕಿತ್ತು ಎಂಜಿನ್ ತಳದ ಆಯಿಲ್ ತೊಟ್ಟಿಗೆ, ಅಂದರೆ ಸಂಪಿಗೆ, ಬಿದ್ದು ಆಯಿಲ್ ಎಳೆಯುವ ಜಾಲರಿಗೆ ಅಡ್ಡ ಕೂರುತ್ತದೆ.

ಎಲ್ಲ ಬೋಲ್ಟುಗಳನ್ನೂ ಮೊದಲು ಬರಿಗೈಯಲ್ಲಿ ತಿರುಗಿಸಿ. ಕೈಯಲ್ಲಿ ಎರಡು ಮೂರು ಸುತ್ತು ಹೋಗದಿದ್ದರೆ ಚೂಡಿ, ಅಂದರೆ ಬೋಲ್ಟಿನ ತಿರುಪು, ಡೊಂಕಾಗಿ ಕೂತಿದೆ ಅಂತ ಅರ್ಥ, ಪಾನಾ ಹಾಕಿ ಬಲವಂತ ಮಾಡಬೇಡಿ. ಆಮೇಲೆ ನಡುವಿನಿಂದ ಶುರು ಮಾಡಿ ಅಡ್ಡಡ್ಡಲಾಗಿ ಹೊರಗೆ ಬನ್ನಿ, ಎರಡು ಸುತ್ತಿನಲ್ಲಿ ಬಿಗಿಯಿರಿ. ಎರಕದ ಕವರಿನ 6 ಎಂಎಂ ಬೋಲ್ಟುಗಳಿಗೆ ಸಾಮಾನ್ಯವಾಗಿ 8ರಿಂದ 10 ನ್ಯೂಟನ್ ಮೀಟರ್ ಸಾಕು, ಆದರೆ ನಿಮ್ಮ ಗಾಡಿಯ ಮ್ಯಾನುವಲ್ಲಿನಲ್ಲಿ ಇರುವುದೇ ಕೊನೆಯ ಮಾತು. ತಗಡಿನ ಕವರ್, ಕಾರ್ಕ್ ಗ್ಯಾಸ್ಕೆಟ್ ಇದ್ದರೆ ಇನ್ನೂ ಕಡಿಮೆ. ಸೋರುತ್ತಿದೆ ಅಂತ ಮತ್ತೆ ಮತ್ತೆ ಬಿಗಿದರೆ ಕಾರ್ಕ್ ಒಡೆದು, ತಗಡು ಬಾಗಿ, ಸೋರಿಕೆ ಜಾಸ್ತಿಯೇ ಆಗುತ್ತದೆ.

ಅಂದಕ್ಕಾಗಿ ಸ್ಟೇನ್‌ಲೆಸ್ ಅಲೆನ್ ಬೋಲ್ಟ್ ಹಾಕುವವರು ಇದ್ದೀರಿ, ಗೊತ್ತು. ಸ್ಟೇನ್‌ಲೆಸ್ಸು, ಅಲ್ಯೂಮಿನಿಯಮ್ಮು ಒಟ್ಟಿಗೆ ತೇವದಲ್ಲಿದ್ದರೆ ಅಲ್ಯೂಮಿನಿಯಂ ಸವೆಯುತ್ತದೆ, ಬೋಲ್ಟ್ ಹಿಡಿದುಕೊಂಡುಬಿಡುತ್ತದೆ. ಚೂಡಿಗೆ ಆ್ಯಂಟಿ ಸೀಝ್ ಅನ್ನುವ ಪೇಸ್ಟ್ ತೆಳ್ಳಗೆ ಹಚ್ಚಿ, ಆಮೇಲೆ ಬಿಗಿಯುವ ಬಲವನ್ನು ಸ್ವಲ್ಪ ಕಡಿಮೆ ಇಡಿ, ಜಾರು ಇರುವುದರಿಂದ ಅದೇ ಬಲಕ್ಕೆ ಬೋಲ್ಟ್ ಹೆಚ್ಚು ಎಳೆಯುತ್ತದೆ. ತಲೆಯ ಮೇಲೆ 10.9 ಅಥವಾ 12.9 ಅಂತ ಬರೆದ ಗಟ್ಟಿ ಬೋಲ್ಟುಗಳನ್ನು ಮಾತ್ರ ಬದಲಿಸಬೇಡಿ, ಸುಮ್ನೆ ಬಣ್ಣಕ್ಕಾಗಿ ಪ್ಲೇಟಿಂಗಿಗೂ ಕೊಡಬೇಡಿ. ಪ್ಲೇಟಿಂಗ್ ಆದ ಮೇಲೆ ಅವನ್ನು ಸರಿಯಾಗಿ ಕಾಯಿಸದಿದ್ದರೆ ಒಳಗೆ ಸೇರಿದ ಹೈಡ್ರೋಜನ್‌ನಿಂದ ಪೆಡಸಾಗಿ ಮುರಿಯುತ್ತವೆ.

9. ಸ್ಟಾರ್ಟ್ ಮಾಡಿ ನೋಡೋದು

ಶೋಗೆ ಮೂರು ದಿನ ಮುಂಚೆಯಾದರೂ ಇದು ಆಗಿರಬೇಕು. ಸಿಲಿಕಾನ್ ಹಾಕಿದ್ದರೆ ಒಂದು ಇಡೀ ದಿನ ಒಣಗಲಿ. ಕೂಲಂಟ್ ಭಾಗ ಬಿಚ್ಚಿದ್ದರೆ ತುಂಬಿಸಿ ಗಾಳಿ ತೆಗೆಯಿರಿ. ಸ್ಟಾರ್ಟ್ ಮಾಡಿ ಹದಿನೈದು ನಿಮಿಷ ಬಿಡಿ, ಟಾರ್ಚ್ ಹಿಡಿದು ಅಂಚುಗಳನ್ನೆಲ್ಲ ನೋಡಿ. ಖಾನಾಪುರ ರಸ್ತೆಯಲ್ಲಿ ಒಂದು ರೌಂಡ್ ಹೋಗಿ ಬನ್ನಿ, ರಾತ್ರಿ ಗಾಡಿ ಕೆಳಗೆ ರಟ್ಟು ಹಾಸಿಡಿ, ಬೆಳಿಗ್ಗೆ ರಟ್ಟಿನ ಮೇಲೆ ಕಲೆ ಇದೆಯಾ ನೋಡಿ.

ಶೋ ಹಿಂದಿನ ದಿನ ಬಾನೆಟ್ ಎತ್ತಿ ಸರ್ವಿಸ್ ಸೆಂಟರಿನಲ್ಲಿ ಪ್ರೆಶರ್ ನೀರು ಹೊಡೆಸೋದು ಬೇಡವೇ ಬೇಡ. ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಒಳಗೆ ನೀರು ಹೋದರೆ ಮರುದಿನ ಗಾಡಿಯನ್ನು ಮೈದಾನಕ್ಕೆ ತಳ್ಳಿಕೊಂಡು ಹೋಗಬೇಕು. ಒದ್ದೆ ಬಟ್ಟೆ, ಬ್ರಷ್ ಸಾಕು. ಹೋಸ್ ಪೈಪುಗಳಿಗೆ ಹೊಳಪಿನ ದ್ರವ ಹಚ್ಚುವಾಗ ಬಟ್ಟೆಗೆ ಹಾಕಿಕೊಂಡು ಹಚ್ಚಿ. ಸ್ಪ್ರೇ ಹೊಡೆದರೆ ಅದು ಫ್ಯಾನ್ ಬೆಲ್ಟಿಗೂ ಬೀಳುತ್ತದೆ, ಬೆಲ್ಟ್ ಜಾರಿ ಕಿರುಚುತ್ತದೆ.

10. ಶೋ ಬೆಳಿಗ್ಗೆ, ಮತ್ತು ಮನೆಗೆ ಬಂದ ಮೇಲೆ

ಡಿಕ್ಕಿಯಲ್ಲಿ ಎರಡು ಮೈಕ್ರೋಫೈಬರ್ ಬಟ್ಟೆ, ಮೆತ್ತನೆ ಪೇಂಟ್ ಬ್ರಷ್, ಸಣ್ಣ ಟಾರ್ಚ್, ಬೆಂಕಿ ಆರಿಸುವ ಸಿಲಿಂಡರ್ ಇರಲಿ. ಮೈದಾನ ತಲುಪಿದ ಕೂಡಲೇ ಉಜ್ಜಲು ಶುರು ಮಾಡಬೇಡಿ. ಬಿಸಿ ಲೋಹದ ಮೇಲೆ ಪಾಲಿಶ್ ಒಣಗಿ ಬಿಳಿ ಕಲೆ ಕಟ್ಟುತ್ತದೆ. ಬಾನೆಟ್ ಎತ್ತಿ ಅರ್ಧ ಗಂಟೆ ಬಿಡಿ, ಅಷ್ಟರಲ್ಲಿ ನಾಷ್ಟಾ ಮಾಡಿ ಬನ್ನಿ. ಆಮೇಲೆ ಬ್ರಷ್‌ನಿಂದ ಧೂಳು ತೆಗೆದು ಒಣ ಬಟ್ಟೆಯಿಂದ ಒರೆಸಿ. ಧೂಳಿನ ಮೇಲೆ ಸೀದಾ ಬಟ್ಟೆ ಎಳೆದರೆ ನಿಮ್ಮ ಕೈಯಾರೆ ನೀವೇ ಗೀರು ಹಾಕಿದಂತೆ.

ತೀರ್ಪುಗಾರರು ಟ್ಯಾಪೆಟ್ ಕವರನ್ನು ಐದು ಸೆಕೆಂಡ್ ನೋಡುತ್ತಾರೆ, ಆಮೇಲೆ ಟಾರ್ಚ್ ಹಾಕಿ ಬ್ಯಾಟರಿ ಟ್ರೇ ಕೆಳಗೆ, ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆಯ, ಅಂದರೆ ಫೈರ್‌ವಾಲಿನ, ಮೂಲೆ, ವಾಯರಿನ ಟೇಪು ನೋಡುತ್ತಾರೆ. ನಿಮ್ಮ ಕೊನೆಯ ಹತ್ತು ನಿಮಿಷ ಅಲ್ಲಿಗೆ ಕೊಡಿ.

ಮನೆಗೆ ಬಂದು ಎಂಜಿನ್ ತಣ್ಣಗಾದ ಮೇಲೆ ಬೋಲ್ಟುಗಳ ಟಾರ್ಕ್ ಒಂದು ಸಲ ನೋಡಿ. ಮುಂದಿನ ವಾರ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಅವಧಿ ಇನ್ನೂ ಬಾಕಿ ಇದ್ದರೂ ಸರಿ. ಹಳೆ ಆಯಿಲನ್ನು ಬಿಳಿ ತಟ್ಟೆಗೆ ಸ್ವಲ್ಪ ಸುರಿದು ಬಿಸಿಲಿಗೆ ಹಿಡಿಯಿರಿ. ಬೆಳ್ಳಿ ಬಣ್ಣದ ಮಿನುಗು ಕಂಡರೆ ಗಾಡಿ ಓಡಿಸೋದು ನಿಲ್ಲಿಸಿ, ಫಿಲ್ಟರ್ ಎಸೆಯದೆ ಎತ್ತಿಟ್ಟುಕೊಂಡು ನಿಮ್ಮ ಮಿಸ್ತ್ರಿಗೆ ಕತ್ತರಿಸಿ ನೋಡಲು ಹೇಳಿ.